ಅಳಿಸಿ ಹಾಕಿದ ಮೆಸೇಜು

ಕಂಪನಿ ಜನರನ್ನು ಕೆಲಸದಿಂದ ತೆಗೆದ ಮೊದಲ ಸುತ್ತಿನಲ್ಲಿ ನನ್ನ ಹೆಸರಿರಲಿಲ್ಲ. ಪಕ್ಕದ ಸೀಟಿನವರ ಹೆಸರಿತ್ತು. ಅವರು ನನಗಿಂತ ಹತ್ತು ವರ್ಷ ದೊಡ್ಡವರು. ಆ ಕಂಪನಿಗೆ ಸೇರಿ ಒಂಬತ್ತು ವರ್ಷವಾಗಿತ್ತು. ನಾನು ಸೇರಿದ ಹೊಸದರಲ್ಲಿ ಕೆಲಸ ಕಲಿಸಿದ್ದೂ ಅವರೇ. ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರ ಕ್ಯಾಲೆಂಡರಿನಲ್ಲಿ ಅರ್ಧ ಗಂಟೆಯ ಮೀಟಿಂಗೊಂದು ಬಂದು ಕೂತಿತು. ವಿಷಯ ಏನೆಂದು ಬರೆದಿರಲಿಲ್ಲ. ಮ್ಯಾನೇಜರ್ ಹೆಸರಿನ ಜೊತೆಗೆ ಎಚ್‌ಆರ್‌ನವರ ಹೆಸರೊಂದಿತ್ತು, ಅಷ್ಟೇ. ಎಂದಿನ ಹಾಗೆ ನೋಟ್‌ಬುಕ್ಕು, ಪೆನ್ನು ಹಿಡಿದುಕೊಂಡು ಎದ್ದು ಹೋದರು. ಮತ್ತೆ ಸೀಟಿಗೆ ಬರಲೇ ಇಲ್ಲ. ಹನ್ನೊಂದೂವರೆಗೆಲ್ಲ ಆಫೀಸಿನ ಚಾಟ್‌ನಲ್ಲಿ ಅವರ ಹೆಸರು ಬೂದು ಬಣ್ಣಕ್ಕೆ ತಿರುಗಿತ್ತು. ಸ್ವೆಟರು ಮಾತ್ರ ಕುರ್ಚಿಯ ಬೆನ್ನ ಮೇಲೆ ಹಾಗೇ ಇತ್ತು.

ಮಧ್ಯಾಹ್ನ ಸೆಕ್ಯುರಿಟಿಯ ಹುಡುಗನೊಬ್ಬ ರಟ್ಟಿನ ಡಬ್ಬ ಹಿಡಿದು ಬಂದ. ಅವನಿಗೂ ಈ ಕೆಲಸ ಹೊಸದು, ಪಾಪ, ಎಲ್ಲಿ ನೋಡಬೇಕೆಂದೇ ತಿಳಿಯದೆ ನಿಂತಿದ್ದ. ಮೇಜಿನ ಮೇಲಿನ ಸಾಮಾನು ಒಂದೊಂದಾಗಿ ಎತ್ತಿ ತೋರಿಸಿ, "ಸರ್, ಇದು ಅವರದ್ದಾ, ನಿಮ್ಮದಾ?" ಅಂತ ಕೇಳುತ್ತಾ ಹೋದ. ನೀರಿನ ಬಾಟಲಿ ಅವರದು. ಚಾರ್ಜರ್ ಕಂಪನಿಯದು. ಮಗಳು ಬರೆದು ಕೊಟ್ಟಿದ್ದ ಚಿತ್ರ ಅವರದು. ನಮ್ಮಿಬ್ಬರ ಮೇಜು ಕೂಡುವ ಜಾಗದಲ್ಲಿ ಒಂದು ಪೆನ್ ಸ್ಟ್ಯಾಂಡ್ ಇತ್ತು. ಅದು ಯಾರದ್ದೆಂದು ನಾವಿಬ್ಬರೂ ಒಂದು ದಿನವೂ ಯೋಚಿಸಿದವರಲ್ಲ. "ಅವರದೇ" ಅಂದೆ. ಡಬ್ಬ ಮುಚ್ಚಿ ಅವನು ಹೋದ ಮೇಲೆ ನನ್ನ ಪೆನ್ನುಗಳು ಮೇಜಿನ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.

ಆ ರಾತ್ರಿ ಫೋನ್ ಕೈಗೆ ತೆಗೆದುಕೊಂಡು ಅವರಿಗೆ ಮೆಸೇಜು ಬರೆಯತೊಡಗಿದೆ. "ಸರ್, ವಿಷಯ ಗೊತ್ತಾಯ್ತು" ಅಂತ ಬರೆದು ಅಳಿಸಿದೆ. "ಹೇಗಿದ್ದೀರಿ?" ಅಂತ ಬರೆದೆ, ಹೇಗಿರುತ್ತಾರೆ ಅನ್ನಿಸಿ ಅದನ್ನೂ ಅಳಿಸಿದೆ. ಮೂರನೇ ಸಲ ಉದ್ದಕ್ಕೆ ಏನೋ ಬರೆದೆ. ಓದಿ ನೋಡಿದರೆ ಕೆಲಸ ಉಳಿದವನೊಬ್ಬ ಸಮಾಧಾನ ಹೇಳುತ್ತಿರುವ ಹಾಗೆ ಕಂಡಿತು. ಅದೂ ಹೋಯಿತು. ನಾಳೆ ಫೋನೇ ಮಾಡೋಣ ಅಂದುಕೊಂಡೆ. ನಾಳೆ ಹೋಗಿ ವಾರವಾಯಿತು, ವಾರ ಹೋಗಿ ತಿಂಗಳಾಯಿತು. ಇಷ್ಟು ತಡವಾಗಿ ಯಾವ ಮುಖ ಇಟ್ಟುಕೊಂಡು ಮಾತಾಡುವುದು ಎಂಬ ಸಂಕೋಚ ಅದರ ಮೇಲೆ ಸೇರಿಕೊಂಡಿತು. ನನ್ನನ್ನು ಇವತ್ತಿಗೂ ಕೊರೆಯುತ್ತಿರುವುದು ಇದು. ಆಮೇಲೆ ನನ್ನ ಕೆಲಸವೂ ಹೋಯಿತು, ಅದನ್ನೂ ಹೇಳುತ್ತೇನೆ. ಆದರೆ ಈ ಬರಹ ಶುರುವಾಗಬೇಕಾದದ್ದು ಆ ಮೂರು ಮೆಸೇಜಿನಿಂದಲೇ.

ಕಾಯುವುದು

ಅಲ್ಲಿಂದ ನನ್ನ ಸರದಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಆ ಅವಧಿಯಲ್ಲಿ ನನಗೆ ಕೆಲಸವಿತ್ತು, ಸಂಬಳ ಬರುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಒಳಗೆ ಮಾತ್ರ ಒಂದು ದಿನವೂ ನೆಟ್ಟಗೆ ನಿದ್ದೆ ಮಾಡಿದವನಲ್ಲ. ರಾತ್ರಿ ಮಲಗುವ ಮುಂಚೆ ನಾಳೆಯ ಕ್ಯಾಲೆಂಡರು ನೋಡುವುದು, ವಿಷಯ ಬರೆಯದ ಮೀಟಿಂಗು ಇದೆಯಾ ಅಂತ ಹುಡುಕುವುದು ಚಟವಾಯಿತು. ಮ್ಯಾನೇಜರ್ ನಕ್ಕರೆ ಅದಕ್ಕೊಂದು ಅರ್ಥ, ನಗದಿದ್ದರೆ ಇನ್ನೊಂದು. ಯಾರಾದರೂ ಮೀಟಿಂಗ್ ರೂಮಿನ ಬಾಗಿಲು ಹಾಕಿಕೊಂಡರೆ ಇಡೀ ಸಾಲಿನ ತಲೆಗಳು ಆ ಕಡೆ ತಿರುಗುತ್ತಿದ್ದವು. ಹೋದವರ ಕೆಲಸವನ್ನೂ ಹಂಚಿಕೊಂಡು ಮಾಡುತ್ತಿದ್ದೆವು. ಬೇಡ ಅನ್ನುವ ಧೈರ್ಯ ಯಾರಿಗಿತ್ತು? ರಾತ್ರಿ ಹತ್ತಕ್ಕೆ ಮೇಲ್ ಕಳಿಸಿದರೆ ನಾನು ಬೇಕಾದವನು ಅಂತ ಗೊತ್ತಾಗುತ್ತದೆ ಎಂಬ ನಂಬಿಕೆ. ಪಟ್ಟಿ ಮಾಡುವವರು ಬಹಳ ಸಲ ಹೆಸರನ್ನೇ ನೋಡುವುದಿಲ್ಲ, ಒಂದು ಪ್ರಾಜೆಕ್ಟು ಅಥವಾ ಇಡೀ ವಿಭಾಗಕ್ಕೇ ಗೆರೆ ಎಳೆಯುತ್ತಾರೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಮಾಡಿದ ಪ್ರಯೋಗವೊಂದರ ಬಗ್ಗೆ ಆಮೇಲೆ ಓದಿದೆ. 45 ಮಂದಿಗೆ ಕಂಪ್ಯೂಟರಿನಲ್ಲಿ ಒಂದು ಆಟ ಕೊಟ್ಟಿದ್ದರು. ಪರದೆಯ ಮೇಲೆ ಕಲ್ಲೊಂದು ಕಾಣುತ್ತದೆ, ಅದರಡಿ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ನೋಯುವಷ್ಟು ಕರೆಂಟಿನ ಹೊಡೆತ. ಬೆವರು, ಕಣ್ಣಿನ ಪಾಪೆಯ ಅಗಲ ಎಲ್ಲ ಅಳೆದು ನೋಡಿದರೆ, ಹೊಡೆತ ಬಿದ್ದೇ ಬೀಳುತ್ತದೆ ಅಂತ ಗೊತ್ತಿದ್ದಾಗಿನ ಒತ್ತಡಕ್ಕಿಂತ, ಬೀಳಬಹುದು, ಬೀಳದೆಯೂ ಇರಬಹುದು ಎಂದು ಅರ್ಧಕ್ಕರ್ಧ ಅನುಮಾನವಿದ್ದಾಗಿನ ಒತ್ತಡ ಹೆಚ್ಚಿತ್ತು. ಓದಿದಾಗ ನನಗೆ ಅಳು ಬಂತು. ಕೆಲಸ ಇದ್ದೂ ಯಾಕೆ ಹೀಗೆ ಸಾಯುತ್ತಿದ್ದೇನೆ, ನಾನೇ ಪುಕ್ಕಲನಿರಬೇಕು ಅಂತ ಹದಿನಾಲ್ಕು ತಿಂಗಳು ನನ್ನನ್ನೇ ಬೈದುಕೊಂಡಿದ್ದೆನಲ್ಲ, ಅದಕ್ಕೆ. ಈಗ ಇದನ್ನು ಓದುತ್ತಿರುವವರಲ್ಲಿ ಹಾಗೆ ದಿನ ದೂಡುತ್ತಿರುವವರು ಇದ್ದೇ ಇರುತ್ತೀರಿ. ಕೆಲಸ ಇದೆಯಲ್ಲ, ನಿಮಗೇನು ಕಷ್ಟ ಅಂತ ಯಾರಾದರೂ ಅಂದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅದು ನಿಜವಾದ ಕಷ್ಟ, ಮೈಗೆ ಹತ್ತುವ ಕಷ್ಟ.

ಅಷ್ಟು ಭಯದಲ್ಲೂ ನಾವು ಉಳಿದವರು ಹೋದವರ ಹೆಸರೆತ್ತುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿ ಬಂದ ಅಭ್ಯಾಸ. ಹೆಸರೆತ್ತಿದರೆ ಸೋಂಕು ತಗಲುತ್ತದೇನೋ ಎಂಬಂತೆ. ಟೀಮಿನ ಗ್ರೂಪಿನಿಂದ ಅವರನ್ನು ತೆಗೆದದ್ದನ್ನು ಎಲ್ಲರೂ ನೋಡಿದೆವು, ಒಬ್ಬರೂ ಒಂದು ಮಾತು ಬರೆಯಲಿಲ್ಲ.

ಒಂಬತ್ತೂ ಮುಕ್ಕಾಲರ ಅಲಾರಂ

ನನ್ನ ಮೀಟಿಂಗು ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಅದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಎದುರಿಗಿದ್ದವರು ಕಾಗದ ನೋಡಿಕೊಂಡು ಓದಿದರು, ನಾನು "ಸರಿ" ಅಂದೆ. ಯಾಕೆ ಸರಿ ಅಂದೆ ಅಂತ ಈಗಲೂ ಗೊತ್ತಿಲ್ಲ. ಹೊರಗೆ ಬರುವಾಗ ಕಾರ್ಡು ತೋರಿಸಿದರೆ ಗೇಟು ತೆರೆಯಲಿಲ್ಲ. ಅದೇ ಹುಡುಗ ಬಂದು ತನ್ನ ಕಾರ್ಡಿನಿಂದ ತೆರೆದು ಕೊಟ್ಟ.

ಮನೆಯಲ್ಲಿ ಹೆಂಡತಿಗೆ ಆ ರಾತ್ರಿಯೇ ಹೇಳಿದೆ. ಅಪ್ಪ ಅಮ್ಮನಿಗೆ ಹೇಳಲಿಲ್ಲ. ಮೊದಲ ಎರಡು ದಿನ ವಿಚಿತ್ರವಾದ ಹಗುರ, ಕಾದದ್ದು ಬಂತಲ್ಲ ಎಂಬ ಹಗುರ. ಮೂರನೇ ದಿನ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಫೋನಿನಲ್ಲಿ ಅಲಾರಂ ಹೊಡೆಯಿತು. ದಿನದ ಮೊದಲ ಮೀಟಿಂಗಿಗೆ ಇಟ್ಟುಕೊಂಡಿದ್ದ ಅಲಾರಂ ಅದು. ಆರಿಸಿದೆ, ಆದರೆ ತೆಗೆದು ಹಾಕಲು ಮನಸ್ಸು ಬರಲಿಲ್ಲ. ದಿನಾ ಹೊಡೆಯುತ್ತಿತ್ತು, ದಿನಾ ಆರಿಸುತ್ತಿದ್ದೆ. ಹೊಡೆದ ಮೇಲೆ ಮಾಡಲು ಏನೂ ಇರುತ್ತಿರಲಿಲ್ಲ. ಮೊದಲೆಲ್ಲ ಓದಲು ಸಮಯ ಸಿಗುತ್ತಿಲ್ಲ ಅಂತ ಗೋಳಾಡುತ್ತಿದ್ದವನು ಈಗ ಹತ್ತು ಪುಟವೂ ಓದಲಾರೆ. ಬೆಳಿಗ್ಗೆ ಮಾಡಬೇಕೆಂದುಕೊಂಡ ಒಂದು ಕೆಲಸ ಸಂಜೆಯವರೆಗೂ ಹಾಗೇ ಬಿದ್ದಿರುತ್ತಿತ್ತು.

ಇದು ನನ್ನೊಬ್ಬನ ಸೋಮಾರಿತನವಲ್ಲ ಅಂತ ತಿಳಿದದ್ದು ಮೇರಿಯಂತಾಲ್ ಬಗ್ಗೆ ಓದಿದಾಗ. ಆಸ್ಟ್ರಿಯಾದ ವಿಯೆನ್ನಾ ಹತ್ತಿರದ ಒಂದು ಚಿಕ್ಕ ಊರು. ಇಡೀ ಊರು ಒಂದೇ ಬಟ್ಟೆ ಗಿರಣಿಯನ್ನು ನಂಬಿಕೊಂಡಿತ್ತು. 1929ರ ನಂತರದ ಮಹಾ ಆರ್ಥಿಕ ಕುಸಿತದಲ್ಲಿ ಗಿರಣಿ ಮುಚ್ಚಿತು. ಮರೀ ಯಹೋದಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸಲ್ ಎಂಬ ಸಂಶೋಧಕರು ಮತ್ತು ಅವರ ಜೊತೆಗಾರರು ಅಲ್ಲಿಗೆ ಹೋಗಿ ಜನರ ನಡುವೆ ಇದ್ದು, ಕಂಡದ್ದನ್ನೆಲ್ಲ ಬರೆದಿಟ್ಟು 1933ರಲ್ಲಿ ಪ್ರಕಟಿಸಿದರು. ಊರಿನ ಲೈಬ್ರರಿಯಲ್ಲಿ ಪುಸ್ತಕ ಎರವಲಿಗೆ ಶುಲ್ಕವೇ ಇಲ್ಲವೆಂದು ಮಾಡಿದ್ದರೂ ಒಯ್ಯುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಕೈತುಂಬ ಬಿಡುವು, ಆದರೂ ಯಾರೂ ಓದುತ್ತಿಲ್ಲ. ಸಂಶೋಧಕರು ಗಡಿಯಾರ ಹಿಡಿದು ಬೀದಿಯಲ್ಲಿ ನಡೆಯುವವರ ವೇಗವನ್ನೂ ಅಳೆದರು. ಗಂಡಸರು ನಿಧಾನಕ್ಕೆ ನಡೆಯುತ್ತಿದ್ದರು, ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹೆಂಗಸರಿಗೆ ಮನೆಗೆಲಸ ಮುಗಿಯುವಂಥದ್ದಲ್ಲವಲ್ಲ, ಅವರು ಬೇಗ ಬೇಗ ನಡೆಯುತ್ತಿದ್ದರು. ದಿನವಿಡೀ ಏನು ಮಾಡಿದಿರಿ ಬರೆಯಿರಿ ಅಂತ ಗಂಡಸರಿಗೆ ಹಾಳೆ ಕೊಟ್ಟರೆ, ಎದ್ದದ್ದು, ಉಂಡದ್ದು, ಮಲಗಿದ್ದು ಬಿಟ್ಟರೆ ನಡುವಿನ ಗಂಟೆಗಳಿಗೆ ಬರೆಯಲು ಅವರಿಗೆ ಹೆಚ್ಚೇನೂ ನೆನಪಾಗುತ್ತಿರಲಿಲ್ಲ. ಹೀಗೆ ಕಷ್ಟಕ್ಕೆ ಸಿಕ್ಕವರು ಸಿಟ್ಟಿಗೆದ್ದು ದಂಗೆ ಏಳಬಹುದು ಎಂದು ಆ ಕಾಲದಲ್ಲಿ ಹಲವರು ಎಣಿಸಿದ್ದರು. ಆ ಊರು ಮಾತ್ರ ಮೆಲ್ಲಗೆ ಮಂಕಾಯಿತು.

ಯಹೋದಾ ಮುಂದೆ ಇದನ್ನೇ ಬೆಳೆಸಿ ಒಂದು ಮಾತು ಹೇಳಿದರು: ಕೆಲಸ ಸಂಬಳವನ್ನಷ್ಟೇ ಕೊಡುವುದಿಲ್ಲ; ದಿನಕ್ಕೊಂದು ಕಟ್ಟು, ಮನೆಯಾಚೆಯ ಜನರ ಒಡನಾಟ, ನಾಲ್ಕು ಜನರ ಜೊತೆ ಸೇರಿ ಏನನ್ನೋ ಮಾಡುತ್ತಿದ್ದೇವೆ ಎಂಬ ಭಾವ, ನಾನು ಯಾರು ಎನ್ನುವುದಕ್ಕೊಂದು ಉತ್ತರ, ಮೈಮನಸ್ಸಿಗೆ ಚಟುವಟಿಕೆ ಎಲ್ಲವನ್ನೂ ನಮಗೆ ಗೊತ್ತಿಲ್ಲದೆ ಕೊಡುತ್ತಿರುತ್ತದೆ. ಉಳಿತಾಯದ ಹಣದಿಂದ ಸಂಬಳದ ಜಾಗವನ್ನು ಕೆಲವು ತಿಂಗಳು ತುಂಬಬಹುದು. ಉಳಿದ ಐದನ್ನು ಎಲ್ಲಿಂದ ತರುವುದು?

ಅದೇ ವಾರ ಮಗಳ ಶಾಲೆಯಿಂದ ಒಂದು ಫಾರಂ ಬಂತು. ವರ್ಷಾ ವರ್ಷಾ ತುಂಬುವುದೇ. ಹೆಸರು, ವಿಳಾಸ, ರಕ್ತದ ಗುಂಪು. ಆಮೇಲೆ "ತಂದೆಯ ಉದ್ಯೋಗ". ಪೆನ್ನು ಅಲ್ಲಿಗೆ ಬಂದು ನಿಂತಿತು. ನನಗೆ ನೆನಪಿರುವುದು ಆ ಚುಕ್ಕಿ ಗೆರೆ. ಅದರ ಮೇಲೆ ಪೆನ್ನಿನ ಮೊನೆ ಒತ್ತಿ ಒತ್ತಿ ಒಂದು ಶಾಯಿ ಚುಕ್ಕೆ ದೊಡ್ಡದಾಗುತ್ತಿತ್ತು. ಹೆಂಡತಿ ಬಂದವಳು ಫಾರಂ ತನ್ನ ಕಡೆ ಎಳೆದುಕೊಂಡು, ಹೋದ ವರ್ಷ ಏನಿತ್ತೋ ಅದನ್ನೇ ಬರೆದು, ಸಹಿಗೆ ನನ್ನ ಮುಂದೆ ತಳ್ಳಿದಳು. ಒಂದು ಮಾತೂ ಆಡಲಿಲ್ಲ. ನಾನು ಸಹಿ ಮಾಡಿದೆ.

ಫೋನು

ಆರನೇ ದಿನ, ಅಲಾರಂ ಆರಿಸಿ ಕೂತಿದ್ದ ಹೊತ್ತಿಗೇ ಫೋನು ಬಂತು. ಅವರದು. ಪಕ್ಕದ ಸೀಟಿನವರದು. ಹದಿನಾಲ್ಕು ತಿಂಗಳಲ್ಲಿ ಒಂದು ಸಾಲು ಬರೆಯದ ನನಗೆ, ಸುದ್ದಿ ಕಿವಿಗೆ ಬಿದ್ದ ಕೂಡಲೇ ಅವರು ಫೋನು ಮಾಡಿದ್ದರು.

"ಏನ್ ಮಾರಾಯ, ಈಗಷ್ಟೇ ಗೊತ್ತಾಯ್ತು. ಮನೇಲಿ ಹೇಳಿದ್ಯಾ?"

"ಅವಳಿಗೆ ಹೇಳಿದೀನಿ ಸರ್. ಅಪ್ಪನಿಗೆ ಇನ್ನೂ ಇಲ್ಲ."

"ಇವತ್ತೇ ಹೇಳು. ಬೇರೆಯವರ ಬಾಯಿಂದ ಕೇಳೋ ಹಾಗೆ ಮಾಡ್ಬೇಡ. ಎಷ್ಟು ತಿಂಗಳಿಗಾಗೋಷ್ಟು ದುಡ್ಡಿದೆ?"

ನಾನು ತಡವರಿಸಿದೆ. ಅಷ್ಟು ದಿನವೂ ನಾನು ಲೆಕ್ಕ ಹಾಕಿರಲಿಲ್ಲ. ಹಾಕಲು ಹೆದರಿಕೆ. "ಪೆನ್ನು ತಗೋ" ಅಂದರು. ಮುಂದಿನ ನಲವತ್ತು ನಿಮಿಷ ಅವರು ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ಕೈಯಲ್ಲಿರುವ ಹಣವನ್ನು ಸಂಬಳದಿಂದ ಭಾಗಿಸಬೇಡ, ಖರ್ಚಿನಿಂದ ಭಾಗಿಸು, ಆಗ ನಿಜವಾದ ತಿಂಗಳು ಗೊತ್ತಾಗುತ್ತದೆ. ಕಂಪನಿಯ ಕಡೆಯಿಂದಿದ್ದ ಆರೋಗ್ಯ ವಿಮೆ ಯಾವ ತಾರೀಖಿಗೆ ನಿಲ್ಲುತ್ತದೆ ಕೇಳು, ಆ ತಾರೀಖಿನ ಒಳಗೆ ಮನೆಯವರಿಗೆಲ್ಲ ಬೇರೆ ಮಾಡಿಸು. ಸಾಲದ ಕಂತು ತಪ್ಪಿದ ಮೇಲೆ ಬ್ಯಾಂಕಿಗೆ ಹೋಗಬೇಡ, ತಪ್ಪುವ ಮುಂಚೆ ಹೋಗಿ ಮಾತಾಡು. ಸಂಬಳದ ಚೀಟಿ, ರಿಲೀವಿಂಗ್ ಲೆಟರ್ ಎಲ್ಲ ಕೈಗೆ ಬಂದಿದೆಯಾ ನೋಡು. ಕಂಪನಿಯವರು ಕೊಟ್ಟ ಕಾಗದಕ್ಕೆ ಕೂಡಲೇ ಸಹಿ ಹಾಕಬೇಡ, ಕಾನೂನು ಗೊತ್ತಿದ್ದವರ ಹತ್ತಿರ ಒಮ್ಮೆ ಓದಿಸು. ಬಾಕಿ ರಜೆಯ ಹಣ ಲೆಕ್ಕದಲ್ಲಿ ಬಂದಿದೆಯಾ ಕೇಳು. ನಿದ್ದೆ ಬಾರದಿದ್ದರೆ ಎರಡು ವಾರಕ್ಕಿಂತ ಹೆಚ್ಚು ಸಹಿಸಬೇಡ, ಡಾಕ್ಟರ ಹತ್ತಿರ ಹೋಗು.

ಕೊನೆಯದ್ದನ್ನು ನಾನು ಆಗ ಹಗುರವಾಗಿ ತೆಗೆದುಕೊಂಡೆ. ತಪ್ಪು. ಡೇನಿಯಲ್ ಸಲಿವನ್ ಮತ್ತು ಟಿಲ್ ಫಾನ್ ವಾಕ್ಟರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಾಮೂಹಿಕವಾಗಿ ಕೆಲಸ ಕಳೆದುಕೊಂಡ, ಒಂದೇ ಕಡೆ ವರ್ಷಗಟ್ಟಲೆ ದುಡಿದಿದ್ದ ಗಂಡಸರ ದಾಖಲೆಗಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಕೆಲಸ ಹೋದ ಮರುವರ್ಷ ಅವರಲ್ಲಿ ಸಾವಿನ ಪ್ರಮಾಣ ಎಣಿಸಿದ್ದಕ್ಕಿಂತ ಶೇ. 50ರಿಂದ 100ರಷ್ಟು ಹೆಚ್ಚಿತ್ತು. ಹೆದರಿಸಲು ಇದನ್ನು ಬರೆಯುತ್ತಿಲ್ಲ. ದುಡಿಯುವ ವಯಸ್ಸಿನಲ್ಲಿ ಸಾವಿನ ಅಪಾಯ ಮೊದಲೇ ಕಡಿಮೆ ಇರುವುದರಿಂದ ಕಳೆದುಕೊಂಡವರಲ್ಲಿ ಬಹುಪಾಲು ಜನ ಬದುಕಿಯೇ ಇದ್ದರು. ಆದರೆ ಎದೆ ಭಾರ, ರಕ್ತದೊತ್ತಡ, ಕುಡಿತ, ನಿದ್ದೆಗೇಡು ಇವನ್ನು "ಟೆನ್ಷನ್ನು, ಹೋಗುತ್ತೆ ಬಿಡು" ಅಂತ ತಳ್ಳಿಹಾಕಬಾರದು. ವಿಮೆ ಇಲ್ಲದ ತಿಂಗಳುಗಳಲ್ಲೇ ದೇಹ ಸೋಲುವುದು ಎಂಥ ಅನ್ಯಾಯ ನೋಡಿ.

ಅವತ್ತು ಫೋನಿಡುವ ಮುಂಚೆ, ನಾನು ನಿಮಗೆ ಫೋನ್ ಮಾಡಲಿಲ್ಲ ಸರ್, ಅಂತ ಹೇಳಬೇಕೆಂದು ಬಾಯಿವರೆಗೆ ಬಂತು. ಅಷ್ಟರಲ್ಲಿ ಅವರು, "ನಾಳೆ ಇದೇ ಟೈಮಿಗೆ ಮಾಡ್ತೀನಿ, ಲೆಕ್ಕ ಹಾಕಿಟ್ಟಿರು" ಅಂದರು. ಮಾಡಿದರು. ಒಂದು ತಿಂಗಳು ಹೆಚ್ಚುಕಡಿಮೆ ದಿನಾ ಮಾಡಿದರು. ಒಂಬತ್ತೂ ಮುಕ್ಕಾಲರ ಅಲಾರಮ್ಮಿಗೆ ಮತ್ತೆ ಕೆಲಸ ಬಂತು.

ಮಳೆಯಲ್ಲ

ಒಂದು ಮಾತನ್ನು ಇಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ. ಹಿಂಜರಿತ ಬಂದಾಗ ನಾವೆಲ್ಲ "ಟೈಮು ಸರಿಯಿಲ್ಲ" ಅನ್ನುತ್ತೇವೆ, ಲೇಆಫ್ ಅನ್ನುವುದು ಮಳೆಯ ಹಾಗೆ ಮೇಲಿಂದ ಬೀಳುವಂಥದ್ದು ಎಂಬಂತೆ. ಬೇಡಿಕೆ ಕುಸಿಯುವುದು ನಮ್ಮ ಕೈಲಿಲ್ಲ ನಿಜ. ಕುಸಿದಾಗ ಏನು ಮಾಡಬೇಕೆಂಬುದು ಮಾತ್ರ ಮನುಷ್ಯರು ಕೂತು ಮಾಡುವ ತೀರ್ಮಾನ. 2009ರಲ್ಲಿ ಜರ್ಮನಿಯ ಒಟ್ಟು ದೇಶೀಯ ಉತ್ಪನ್ನ (ಜಿಡಿಪಿ) ಸುಮಾರು ಶೇ. 5ರಷ್ಟು ಬಿತ್ತು. ಆದರೂ ಅಲ್ಲಿ ನಿರುದ್ಯೋಗ ಹೆಚ್ಚು ಏರಲಿಲ್ಲ. ಅದಕ್ಕೆ ಒಂದು ಮುಖ್ಯ ಕಾರಣ ಕುರ್ಟ್ಸ್‌ಆರ್ಬೈಟ್, ಅಂದರೆ ಕಡಿತದ ಕೆಲಸ ಎಂಬ ವ್ಯವಸ್ಥೆ. ಜನರನ್ನು ತೆಗೆಯುವ ಬದಲು ಎಲ್ಲರ ಗಂಟೆಗಳನ್ನು ಇಳಿಸುವುದು. ಇಳಿದ ಗಂಟೆಗಳಿಗೆ ಹೋದ ಸಂಬಳದಲ್ಲಿ ಶೇ. 60, ಮಕ್ಕಳಿದ್ದವರಿಗೆ ಶೇ. 67 ಭಾಗವನ್ನು ಸಾರ್ವಜನಿಕ ವಿಮಾ ನಿಧಿಯಿಂದ ತುಂಬಿಕೊಡುವುದು. ಕೆಲಸ ಹಂಚಿಕೊಂಡು ಕಷ್ಟವನ್ನೂ ಹಂಚಿಕೊಂಡರು. ಎಲ್ಲ ಕಡೆ ಇದೇ ನಡೆಯುತ್ತದೆ ಅಂತಲ್ಲ, ಅದಕ್ಕೂ ಅದರದೇ ಮಿತಿಗಳಿವೆ. ಆದರೆ ಬೇರೆ ದಾರಿಯೇ ಇರಲಿಲ್ಲ ಅಂತ ನಮ್ಮೆದುರು ಕೂತು ಓದುವವರ ಮಾತನ್ನು ನಾನು ಇನ್ನು ನಂಬುವುದಿಲ್ಲ. ಮುಖ್ಯವಾಗಿ, ನನ್ನಲ್ಲೇ ಏನೋ ಕೊರತೆಯಿತ್ತು ಎಂಬ ಮಾತನ್ನು ನಂಬುವುದಿಲ್ಲ. ಇದನ್ನು ಬರೆಯಲು ಒಂದು ನಿಮಿಷ ಸಾಕು. ನಂಬಲು ನನಗೆ ಐದು ತಿಂಗಳು ಬೇಕಾಯಿತು.

ಇಪ್ಪತ್ತು ನಿಮಿಷ

ಆ ಐದು ತಿಂಗಳಲ್ಲಿ ನೆರವಾದದ್ದು ಎರಡು. ಒಂದು, ಬರೆಯುವುದು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಟೆಫನಿ ಸ್ಪೆರಾ, ಜೇಮ್ಸ್ ಪೆನ್‌ಬೇಕರ್ ಮತ್ತು ಜೊತೆಯವರು ಕೆಲಸ ಕಳೆದುಕೊಂಡ 63 ಮಂದಿ ಅನುಭವಸ್ಥರನ್ನು ಗುಂಪು ಮಾಡಿದರು. ಒಂದು ಗುಂಪು ದಿನಕ್ಕೆ 20 ನಿಮಿಷದಂತೆ ಐದು ದಿನ, ಕೆಲಸ ಹೋದದ್ದರ ಬಗ್ಗೆ ಒಳಗಿದ್ದದ್ದನ್ನೆಲ್ಲ ಬರೆಯಬೇಕು. ಇನ್ನೊಂದು ಗುಂಪು ದಿನಚರಿ, ಯೋಜನೆ ಇಂಥವನ್ನು ಬರೆಯಬೇಕು. ಮೂರನೆಯದು ಏನೂ ಬರೆಯಬೇಕಿಲ್ಲ. ಕೆಲವು ತಿಂಗಳ ಮೇಲೆ ನೋಡಿದರೆ, ಮನಸ್ಸಿನಲ್ಲಿದ್ದದ್ದನ್ನು ಬರೆದವರಿಗೆ ಉಳಿದವರಿಗಿಂತ ಬೇಗ ಕೆಲಸ ಸಿಕ್ಕಿತ್ತು. ಅವರು ಹೆಚ್ಚು ಅರ್ಜಿ ಹಾಕಿದ್ದರಿಂದ ಅಲ್ಲ, ಪ್ರಯತ್ನ ಎಲ್ಲರದೂ ಒಂದೇ ಬಗೆಯದಿತ್ತು. ಸಿಟ್ಟು ಕಾಗದದ ಮೇಲೆ ಇಳಿದದ್ದರಿಂದ ಸಂದರ್ಶನದ ಕೋಣೆಯೊಳಗೆ ಅದು ಬರಲಿಲ್ಲವೇನೋ. ಅಧ್ಯಯನ ಚಿಕ್ಕದು, ಅದರ ಮೇಲೆ ಬೆಟ್ಟ ಕಟ್ಟಬೇಕಿಲ್ಲ. ನನ್ನ ಮಟ್ಟಿಗೆ ಅದು ನಿಜವಾಯಿತು. ಮೊದಲ ದಿನ ಇಪ್ಪತ್ತು ನಿಮಿಷವೂ ಆ ಪೆನ್ ಸ್ಟ್ಯಾಂಡಿನ ಬಗ್ಗೆಯೇ ಬರೆದೆ.

ಇನ್ನೊಂದು, ಅಷ್ಟಾಗಿ ಪರಿಚಯವಿಲ್ಲದವರಿಗೆ ಹೇಳಿಕೊಳ್ಳುವುದು. ಇದು ನನಗೆ ತೀರಾ ಕಷ್ಟವಾದ ಕೆಲಸ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿದ್ದು ಇವತ್ತಿಗೂ ಹಳತಾಗಿಲ್ಲ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು, ಆ ಪರಿಚಯದವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದರೆ, ವಾರಕ್ಕೆರಡು ಸಲವಾದರೂ ಭೇಟಿಯಾಗುವ ಆಪ್ತರು ಅಂದವರು ಶೇ. 17ರಷ್ಟು ಮಾತ್ರ. ಉಳಿದವರಿಗೆಲ್ಲ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಕಾಣುವವರಿಂದ, ವರ್ಷಕ್ಕೊಮ್ಮೆ ಕಂಡರೆ ಹೆಚ್ಚು ಅನ್ನುವಂಥವರಿಂದ. ಆಪ್ತರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ದೂರದವರಲ್ಲಿರುತ್ತದೆ. ಆದರೆ ಕೆಲಸ ಹೋದಾಗ ನಾವು ಮೊದಲು ಮುಖ ಮರೆಸುವುದು ಅಂಥವರಿಂದಲೇ ಅಲ್ಲವೇ? ನನಗೆ ಈಗಿನ ಕೆಲಸದ ಸುಳಿವು ಕೊಟ್ಟದ್ದು ಆರು ವರ್ಷದ ಹಿಂದೆ ಒಂದೇ ಪ್ರಾಜೆಕ್ಟಿನಲ್ಲಿ ಮೂರು ತಿಂಗಳು ಜೊತೆಗಿದ್ದ ಹೆಣ್ಣುಮಗಳು. ಅವರಿಗೆ ಮೆಸೇಜು ಬರೆದು ಕಳಿಸಲು ನನಗೆ ಎರಡು ದಿನ ಹಿಡಿಯಿತು. ಅವರ ಉತ್ತರ ಬಂದದ್ದು ನಾಲ್ಕು ನಿಮಿಷದಲ್ಲಿ.

ಹೊಸ ಕೆಲಸ ಸೇರಿದ ಮೊದಲ ಶನಿವಾರ ಅವರನ್ನು, ಹಳೆಯ ಪಕ್ಕದ ಸೀಟಿನವರನ್ನು, ನೋಡಲು ಹೋದೆ. ಅವರ ಮೇಜಿನ ಮೇಲೆ ಆ ಪೆನ್ ಸ್ಟ್ಯಾಂಡ್ ಇತ್ತು. ನೋಡಿದವನಿಗೆ ತಡೆಯಲಾಗಲಿಲ್ಲ. "ಸರ್, ಆವತ್ತು ರಾತ್ರಿ ನಿಮಗೆ ಮೆಸೇಜ್ ಮಾಡ್ಬೇಕು ಅಂತ ಕೂತಿದ್ದೆ. ಏನು ಬರೆಯೋದು ಅಂತ ಗೊತ್ತಾಗ್ಲಿಲ್ಲ. ಬರೆದು ಬರೆದು ಅಳಿಸ್ಬಿಟ್ಟೆ" ಅಂದೆ.

ಅವರು ಪೆನ್ ಸ್ಟ್ಯಾಂಡನ್ನು ಸ್ವಲ್ಪ ಆಚೆ ಸರಿಸಿದರು. ಆಮೇಲೆ ಮೆಲ್ಲಗೆ, "ಗೊತ್ತು" ಅಂದರು. "ನಿನ್ನ ಹೆಸರಿನ ಕೆಳಗೆ ಟೈಪಿಂಗ್ ಅಂತ ಬರ್ತಿತ್ತು. ಹೋಗ್ತಿತ್ತು. ಮತ್ತೆ ಬರ್ತಿತ್ತು. ನಾನು ಫೋನ್ ಹಿಡ್ಕೊಂಡೇ ಕೂತಿದ್ದೆ ಮಾರಾಯ, ಹನ್ನೆರಡೂವರೆ ತನಕ."